ನಿಂತ ಲಾರಿಯ ಬ್ಯಾಟರಿ ಇಳಿಯುತ್ತಿದ್ದರೆ: ಹೊಸದು ಹಾಕಿಸುವ ಮುನ್ನ ಎಲ್ಲೆಲ್ಲಿ ಅಳೆಯಬೇಕು

ಕಬ್ಬಿನ ಹಂಗಾಮು ಮುಗಿದು ಮನೆ ಮುಂದೆ ನಿಂತ ಲಾರಿ, ಮಳೆಗಾಲದಲ್ಲಿ ಕೆಲಸ ನಿಂತು ಶೆಡ್ಡು ಸೇರಿದ ಟಿಪ್ಪರ್, ಲೋಡ್ ಸಿಗದೆ ಎರಡು ವಾರ ಯಾರ್ಡಿನಲ್ಲೇ ಉಳಿದ ಗಾಡಿ. ಕೀ ತಿರುಗಿಸಿದರೆ ಸೆಲ್ಫ್ ‘ಟಕ್’ ಅಂದು ಸುಮ್ಮನಾಗುತ್ತದೆ. ಆಗ ಇನ್ನೊಂದು ಗಾಡಿಯಿಂದ ಕೇಬಲ್ ಕೊಟ್ಟು ಎಬ್ಬಿಸುತ್ತಾರೆ. ಎರಡನೇ ಸಲವೂ ಹಾಗೇ ಆದರೆ ‘ಬ್ಯಾಟರಿ ಹೋಯ್ತು’ ಎಂದು ಹೊಸದು ಹಾಕಿಸುತ್ತಾರೆ. ಕಾರಣ ಬ್ಯಾಟರಿಯ ಹೊರಗಿದ್ದರೆ ಹೊಸದೂ ಕೆಲವೇ ವಾರಗಳಲ್ಲಿ ಅದೇ ದಾರಿ ಹಿಡಿಯುತ್ತದೆ.

ನಿಂತ ಗಾಡಿಯಲ್ಲಿ ವೋಲ್ಟೇಜ್ ಇಳಿಯುವುದಕ್ಕೆ ಮೂರು ಕಾರಣಗಳಿವೆ. ಬ್ಯಾಟರಿಯೇ ಚಾರ್ಜ್ ಹಿಡಿಯುತ್ತಿಲ್ಲ. ಕೀ ತೆಗೆದ ಮೇಲೂ ಯಾವುದೋ ಒಂದು ಕರೆಂಟ್ ತಿನ್ನುತ್ತಿದೆ. ಇಲ್ಲವೇ ಗಾಡಿ ನಿಲ್ಲಿಸಿದ ದಿನವೇ ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ಮೂರರಲ್ಲಿ ಯಾವುದು ಎಂದು ಮೀಟರ್ ಹೇಳುತ್ತದೆ, ಆದರೆ ಸರಿಯಾದ ಕ್ರಮದಲ್ಲಿ ಹಿಡಿದರೆ ಮಾತ್ರ. ಇಲ್ಲಿರುವ ಅಂಕಿಗಳು ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸೀರೀಸಿನಲ್ಲಿ ಜೋಡಿಸಿದ 24 ವೋಲ್ಟಿನ ಲಾರಿಗೆ, ಮಾಮೂಲಿ ಆಸಿಡ್ ಬ್ಯಾಟರಿಗೆ ಅನ್ವಯಿಸುತ್ತವೆ. ಒಂದೇ ಬ್ಯಾಟರಿಯ ಚಿಕ್ಕ ಗೂಡ್ಸ್ ಗಾಡಿಯಾದರೆ ಜೋಡಿಯ ಮಾತನ್ನು ಬಿಟ್ಟು, 24 ವೋಲ್ಟಿನ ಲೆಕ್ಕದ ವೋಲ್ಟ್ ಅಂಕಿಗಳನ್ನು ಅರ್ಧ ಮಾಡಿಕೊಂಡು ಉಳಿದದ್ದನ್ನು ತೆಗೆದುಕೊಳ್ಳಬಹುದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: 10 ಆಂಪಿಯರ್ ತೂತಿರುವ ಡಿಜಿಟಲ್ ಮಲ್ಟಿಮೀಟರ್, ಹೈಡ್ರೋಮೀಟರ್ (ಬ್ಯಾಟರಿ ಆಸಿಡ್ಡಿನ ಸಾಂದ್ರತೆ ಅಳೆಯುವ ಗಾಜಿನ ಕೊಳವೆ), ಟರ್ಮಿನಲ್ ಸ್ಪ್ಯಾನರುಗಳು, ತಂತಿ ಬ್ರಷ್, ಅಡುಗೆ ಸೋಡಾ, ಕೈಗವಸು, ಕನ್ನಡಕ. ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಇದ್ದರೆ ಅರ್ಧ ಕೆಲಸ ಉಳಿಯುತ್ತದೆ. ಮನೆ ವೈರಿಂಗಿನವರು ಬಳಸುವ ಎಸಿ ಮಾತ್ರ ತೋರಿಸುವ ಕ್ಲಾಂಪ್ ಇಲ್ಲಿ ಉಪಯೋಗಕ್ಕಿಲ್ಲ. ಮಲ್ಟಿಮೀಟರಿನ ಒಳಗಿನ ಸೆಲ್ ಹೊಸದಿರಲಿ. ಅಗ್ಗದ ಮೀಟರುಗಳಲ್ಲಿ ಸೆಲ್ ಇಳಿದಾಗ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಸತ್ತ ಬ್ಯಾಟರಿಯೂ ಚೆನ್ನಾಗಿದೆ ಅನಿಸುತ್ತದೆ.

ಉಂಗುರ, ಕಡಗ, ಗಡಿಯಾರ ತೆಗೆದಿಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಬೀಡಿ ಸಿಗರೇಟು ಹತ್ತಿರ ಬೇಡ. ಬಿಚ್ಚುವಾಗ ಚಾಸಿಗೆ ಹೋಗುವ ಮೈನಸ್ ಮೊದಲು, ಹಾಕುವಾಗ ಅದೇ ಕೊನೆಗೆ. ಇದನ್ನು ತಿರುವುಮುರುವು ಮಾಡಿ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿಯ ಜೊತೆ ಸ್ಪ್ಯಾನರೇ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಬಿಚ್ಚಿ ‘ಡೈನಮೋ ಚೆಕ್’ ಮಾಡುವ ಹಳೆಯ ರೂಢಿ ಇನ್ನೂ ಇದೆ. ಆಗ ಏರುವ ವೋಲ್ಟೇಜಿಗೆ ರೆಗ್ಯುಲೇಟರ್, ಡಯೋಡ್, ಹೊಸ ಗಾಡಿಗಳಲ್ಲಿ ಇಸಿಯು (ಗಾಡಿಯ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ) ಕೂಡ ಸುಡಬಹುದು. ಅದನ್ನು ಬಿಟ್ಟೇಬಿಡಿ.

ಕೇಬಲ್ ಕೊಡುವ ಮೊದಲು ಮೂರು ಅಂಕಿ

ಬೇರೆ ಗಾಡಿಯಿಂದ ಕೇಬಲ್ ಕೊಟ್ಟ ಕೂಡಲೇ ನಿಮ್ಮ ಬ್ಯಾಟರಿಯ ನಿಜಸ್ಥಿತಿ ಮರೆಯಾಗುತ್ತದೆ. ಎಷ್ಟೇ ಅವಸರವಿದ್ದರೂ ಮೊದಲು ಮೂರು ಅಂಕಿ ಬರೆದುಕೊಳ್ಳಿ: ಎರಡೂ ಸೇರಿ ಎಷ್ಟು, ಒಂದೊಂದೇ ಎಷ್ಟೆಷ್ಟು. ಯಾವುದು ಯಾವುದೆಂದು ಗುರುತಿರಲಿ. ಮೈನಸ್ಸಿನಿಂದ ಚಾಸಿಗೆ ಕೇಬಲ್ ಹೋದದ್ದು ಅರ್ಥ್ ಕಡೆಯ ಬ್ಯಾಟರಿ. ಪ್ಲಸ್ಸಿನಿಂದ ಸೆಲ್ಫ್ ಮೋಟರಿಗೆ ಕೇಬಲ್ ಹೋದದ್ದು ಸೆಲ್ಫ್ ಕಡೆಯ ಬ್ಯಾಟರಿ. ನಡುವೆ ಎರಡನ್ನೂ ಸೇರಿಸುವ ಗಿಡ್ಡ ಲಿಂಕ್ ಕೇಬಲ್. ಮೀಟರಿನ ಮುಳ್ಳನ್ನು ಕ್ಲಾಂಪಿನ ಮೇಲಲ್ಲ, ಸೀಸದ ಪೋಸ್ಟಿನ ಮೇಲೇ ಒತ್ತಿ ಹಿಡಿಯಿರಿ.

ಗಾಡಿ ಕನಿಷ್ಠ ನಾಲ್ಕು ಗಂಟೆ ನಿಂತಿದ್ದರೆ ಅಂಕಿಯನ್ನು ನಂಬಬಹುದು. ಈಗ ತಾನೇ ಓಡಿ ಬಂದ ಗಾಡಿಯಲ್ಲಿ ಪ್ಲೇಟಿನ ಮೇಲ್ಮೈ ಚಾರ್ಜ್‌ನಿಂದ 25.8, 26 ವೋಲ್ಟ್ ಕಾಣುತ್ತದೆ. ಹೆಡ್‌ಲೈಟ್ ಎರಡು ನಿಮಿಷ ಉರಿಸಿ ಆರಿಸಿ, ಹತ್ತು ನಿಮಿಷ ಬಿಟ್ಟು ಅಳೆಯಿರಿ.

ಒಂದು ಬ್ಯಾಟರಿ 12.6ರಿಂದ 12.7 (ಜೋಡಿ 25.2ರಿಂದ 25.4): ಪೂರ್ತಿ ತುಂಬಿದೆ
12.4 (ಜೋಡಿ 24.8): ಮುಕ್ಕಾಲು
12.2 (ಜೋಡಿ 24.4): ಅರ್ಧ
12.0 (ಜೋಡಿ 24.0): ಕಾಲು ಭಾಗ
11.8 (ಜೋಡಿ 23.6): ಖಾಲಿ

ಮೀಟರಿನಲ್ಲಿ 24.0 ಕಂಡು ‘ಇಪ್ಪತ್ನಾಲ್ಕು ಇದೆಯಲ್ಲ, ಸರಿ ಇದೆ’ ಎನ್ನುವವರು ಬಹಳ ಮಂದಿ. ಹೆಸರಿಗೆ 24 ವೋಲ್ಟ್; ನಿಂತ ಬ್ಯಾಟರಿಯಲ್ಲಿ 24.0 ಅಂದರೆ ಮುಕ್ಕಾಲು ಪಾಲು ಖಾಲಿ. ದೊಡ್ಡ ಡೀಸೆಲ್ ಎಂಜಿನನ್ನು ಅದು ಎತ್ತಲಾರದು.

ಮೊತ್ತಕ್ಕಿಂತ ಮುಖ್ಯ ಎರಡರ ನಡುವಿನ ವ್ಯತ್ಯಾಸ. ಎರಡೂ ಹೆಚ್ಚುಕಡಿಮೆ ಸಮವಾಗಿ ಇಳಿದಿದ್ದರೆ (12.0 ಮತ್ತು 12.1, ಹೀಗೆ) ಜೋಡಿಯ ಮೇಲೆ ಏನೋ ಎಳೆಯುತ್ತಿದೆ ಅಥವಾ ಚಾರ್ಜಿಂಗ್ ಸಾಲದು. ವ್ಯತ್ಯಾಸ 0.2 ವೋಲ್ಟ್ ದಾಟಿದರೆ ಕಡಿಮೆ ಇರುವ ಬ್ಯಾಟರಿಯಿಂದ ಹುಡುಕಾಟ ಶುರು. ಒಂದು 12.6, ಇನ್ನೊಂದು 10.5ರ ಹತ್ತಿರ ಬಂದರೆ ಸಂಶಯವೇ ಬೇಡ, ಎರಡನೆಯದರಲ್ಲಿ ಒಂದು ಸೆಲ್ಲು ಹೋಗಿದೆ. ಒಂದು ಸೆಲ್ಲಿನ ಪಾಲು ಸುಮಾರು 2.1 ವೋಲ್ಟ್.

ಅರ್ಥ್ ಕಡೆಯ ಬ್ಯಾಟರಿ ಮಾತ್ರ ಇಳಿದಿದ್ದರೆ

ಈ ಒಂದು ಲಕ್ಷಣಕ್ಕೆ ಪ್ರತ್ಯೇಕ ಜಾಗ ಕೊಡಲೇಬೇಕು, ಯಾಕೆಂದರೆ ನಮ್ಮ ಲಾರಿಗಳಲ್ಲಿ ಇದು ಅಷ್ಟು ಸಾಮಾನ್ಯ. ಕಾರಿನ ಮ್ಯೂಸಿಕ್ ಸಿಸ್ಟಮ್, ಮೊಬೈಲ್ ಚಾರ್ಜರ್, ಚಿಕ್ಕ ಫ್ಯಾನ್, ಕ್ಯಾಬಿನ್ನಿನ ಬಣ್ಣದ ಲೈಟು ಎಲ್ಲವೂ 12 ವೋಲ್ಟಿನವು. ಕನ್ವರ್ಟರ್ ಖರ್ಚು ಉಳಿಸಲು ಲಿಂಕ್ ಕೇಬಲ್ಲಿನಿಂದ ಒಂದು ವೈರ್ ಎಳೆದು, ಇನ್ನೊಂದನ್ನು ಬಾಡಿಗೆ ಕೊಡುತ್ತಾರೆ. ಅಲ್ಲಿಗೆ ಆ ಭಾರವೆಲ್ಲ ಅರ್ಥ್ ಕಡೆಯ ಬ್ಯಾಟರಿಯ ತಲೆಗೆ ಬಂತು. ಸೆಲ್ಫ್ ಕಡೆಯದ್ದು ತುಂಬಿಯೇ ಇರುತ್ತದೆ.

ಗಾಡಿ ಓಡಿದಾಗ ಸರಿಹೋಗುತ್ತದಲ್ಲ ಎಂದರೆ, ಹೋಗುವುದಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿಗೆ ಕಾಣುವುದು ಜೋಡಿಯ ಮೊತ್ತ, ಉದಾಹರಣೆಗೆ 28.2 ವೋಲ್ಟ್. ಅದು ಸಮವಾಗಿ 14.1, 14.1 ಎಂದು ಹಂಚಿಕೆಯಾಗದೆ ಹಸಿದ ಬ್ಯಾಟರಿಗೆ 13.5, ತುಂಬಿದ್ದಕ್ಕೆ 14.7 ಎಂಬಂತೆ ಬೀಳುತ್ತದೆ. ಹಸಿದದ್ದು ಎಂದೂ ತುಂಬುವುದಿಲ್ಲ, ಅದರ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ತುಂಬಿದ್ದು ಕುದಿದು ನೀರು ಕಳೆದುಕೊಳ್ಳುತ್ತದೆ. ತಮಾಷೆಯೆಂದರೆ, ನೀರು ಬೇಗ ಇಳಿಯುತ್ತದೆ ಎಂದು ಎಷ್ಟೋ ಕಡೆ ಬದಲಿಸುವುದು ಈ ಚೆನ್ನಾಗಿರುವ ಬ್ಯಾಟರಿಯನ್ನೇ.

ಆದ್ದರಿಂದ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದು ಪೋಸ್ಟುಗಳನ್ನು ಕಣ್ಣಿಟ್ಟು ನೋಡಿ. ದಪ್ಪ ಕೇಬಲ್ಲಿನ ಜೊತೆ ತೆಳು ವೈರು, ಟೇಪ್ ಸುತ್ತಿದ ಜಾಯಿಂಟು ಲಿಂಕಿನ ಮೇಲೆ ಇದ್ದರೆ ಅದನ್ನು ಬಿಚ್ಚಿ. 12 ವೋಲ್ಟಿನ ಸಾಮಾನು ಬೇಕೇ ಬೇಕಾದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ, ಅದರ ಇನ್‌ಪುಟ್ ಕೀ ಆನ್ ಆದಾಗ ಮಾತ್ರ ಬರುವ ಲೈನಿನಿಂದ, ಫ್ಯೂಸ್ ಮೂಲಕ ಬರಲಿ. ಕೆಲವು ಕನ್ವರ್ಟರುಗಳು ಏನೂ ಜೋಡಿಸದಿದ್ದರೂ ತಾವೇ ಒಂದಿಷ್ಟು ಕರೆಂಟ್ ತಿನ್ನುತ್ತವೆ, ಹಾಗಾಗಿ ಅದನ್ನು ನೇರ ಬ್ಯಾಟರಿಗೆ ಕೊಡುವುದು ಬೇಡ.

ಸೆಲ್ಫ್ ಕಡೆಯ ಬ್ಯಾಟರಿ ಮಾತ್ರ ಇಳಿದಿದ್ದರೆ ಸಾಮಾನ್ಯವಾಗಿ ದೋಷ ಆ ಬ್ಯಾಟರಿಯದ್ದೇ. ಎರಡು ಬೇರೆ ಬೇರೆ ವಯಸ್ಸಿನ ಅಥವಾ ಒಂದು 130, ಒಂದು 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಜೋಡಿ ಮಾಡಿದ್ದರೂ ಹೀಗಾಗುತ್ತದೆ.

ಬ್ಯಾಟರಿಯೇ ಕೆಟ್ಟಿದೆಯೇ?

ಹೈಡ್ರೋಮೀಟರಿನಲ್ಲಿ ಆರೂ ಸೆಲ್ಲುಗಳನ್ನು ನೋಡಿ, ಅಂಕಿಗಳನ್ನು ಸಾಲಾಗಿ ಬರೆಯಿರಿ. ಪೂರ್ತಿ ತುಂಬಿದ ಬ್ಯಾಟರಿಯಲ್ಲಿ ಕಂಪನಿಗೆ ತಕ್ಕಂತೆ 1.240ರಿಂದ 1.280ರ ನಡುವೆ ಬರುತ್ತದೆ. ಆದ್ದರಿಂದ ಒಂದು ಸೆಲ್ಲಿನ ಅಂಕಿಗಿಂತ ಸೆಲ್ಲು ಸೆಲ್ಲಿನ ನಡುವಿನ ಅಂತರ ಹೆಚ್ಚು ಹೇಳುತ್ತದೆ. ಐದು ಸೆಲ್ಲು 1.230, ಒಂದು 1.160 ಬಂದರೆ ಆ ಬ್ಯಾಟರಿ ಮುಗಿದಂತೆ, 0.050 ಅಂತರವೇ ಗಡಿ. ಆರೂ ಒಟ್ಟಿಗೆ 1.150 ಬಂದರೆ ಅದು ಕೆಟ್ಟದ್ದಲ್ಲ, ಬರೀ ಖಾಲಿ. ಚಾರ್ಜಿಗೆ ಹಾಕಿ ಮತ್ತೆ ನೋಡಿ.

ನೀರು ಹಾಕಿದ ತಕ್ಷಣ ಹೈಡ್ರೋಮೀಟರ್ ಹಿಡಿಯಬೇಡಿ. ಹೊಸ ನೀರು ಮೇಲೇ ನಿಂತಿರುತ್ತದೆ, ಚಾರ್ಜ್ ಆದ ಮೇಲಷ್ಟೇ ಬೆರೆಯುತ್ತದೆ. ಡಿಸ್ಟಿಲ್ಡ್ ವಾಟರ್ ಪ್ಲೇಟಿನ ಮೇಲೆ 10ರಿಂದ 15 ಮಿ.ಮೀ. ನಿಲ್ಲುವಷ್ಟು ಸಾಕು. ಬೋರಿನ ನೀರು, ಬಾಟಲಿಯ ಕುಡಿಯುವ ನೀರು ಎರಡರಲ್ಲೂ ಲವಣ ಇರುತ್ತದೆ. ಅವು ಒಳಗೇ ಸೋರಿಕೆ ಹೆಚ್ಚಿಸುತ್ತವೆ. ಇಳಿದ ಬ್ಯಾಟರಿಗೆ ಆಸಿಡ್ ಸುರಿದು ‘ಸ್ಟ್ರಾಂಗ್’ ಮಾಡುವವರೂ ಇದ್ದಾರೆ. ಹೈಡ್ರೋಮೀಟರ್ ಅಂಕಿ ಏರುತ್ತದೆ ನಿಜ, ಪ್ಲೇಟುಗಳು ಸವೆದುಹೋಗುತ್ತವೆ. ಮೇಂಟೆನೆನ್ಸ್ ಫ್ರೀ ಬ್ಯಾಟರಿಯ ಹಸಿರು ಕಣ್ಣು ತೋರಿಸುವುದು ಒಂದೇ ಸೆಲ್ಲಿನ ಸ್ಥಿತಿಯನ್ನು, ಅದನ್ನು ನೆಚ್ಚಿಕೊಂಡು ತೀರ್ಮಾನ ಮಾಡಬೇಡಿ.

ಚಾರ್ಜಿಗೆ ಹಾಕುವಾಗ ಎರಡನ್ನೂ ಬೇರೆ ಮಾಡಿ, ಒಂದೊಂದನ್ನೂ 12 ವೋಲ್ಟಿನಲ್ಲಿ ಪ್ರತ್ಯೇಕ ಹಾಕಿ. ಎಎಚ್‌ನ ಹತ್ತನೇ ಒಂದು ಭಾಗ ಕರೆಂಟ್: 130 ಎಎಚ್‌ಗೆ 13 ಆಂಪಿಯರ್, ಖಾಲಿ ಬ್ಯಾಟರಿಗೆ ಸುಮಾರು ಹನ್ನೆರಡು ಗಂಟೆ. ವಾರಗಟ್ಟಲೆ ಖಾಲಿಯೇ ಬಿದ್ದಿದ್ದರೆ 5–6 ಆಂಪಿಯರಿನಲ್ಲಿ ಒಂದು ದಿನವಿಡೀ ಬಿಡುವುದು ಒಳ್ಳೆಯದು. ಮೈ ಮುಟ್ಟಲಾಗದಷ್ಟು ಬಿಸಿಯಾದರೆ ನಿಲ್ಲಿಸಿ. ಎರಡು ಗಂಟೆಯಲ್ಲಿ ‘ಬೂಸ್ಟ್’ ಮಾಡಿಕೊಡುತ್ತೇವೆ ಎನ್ನುವ ಅಂಗಡಿಯಿಂದ ಬರುವುದು ಮೇಲ್ಮೈ ಚಾರ್ಜ್ ಮಾತ್ರ.

ಚಾರ್ಜ್ ಆದ ಮೇಲೆ ಗಾಡಿಗೆ ಜೋಡಿಸದೆ 48 ಗಂಟೆ ಇಡಿ. 12.5ರ ಮೇಲೇ ನಿಂತರೆ ಬ್ಯಾಟರಿ ಚಾರ್ಜ್ ಹಿಡಿಯುತ್ತಿದೆ, ಕಳ್ಳ ಗಾಡಿಯಲ್ಲಿದ್ದಾನೆ. ಯಾವ ವೈರೂ ಇಲ್ಲದೆ 12.3ಕ್ಕೆ ಇಳಿದರೆ ಒಳಗೇ ಸೋರಿಕೆ ಇದೆ: ಪ್ಲೇಟಿನಿಂದ ಉದುರಿದ ಪುಡಿ ತಳದಲ್ಲಿ ತುಂಬಿ ಪ್ಲೇಟುಗಳನ್ನು ಮುಟ್ಟುತ್ತಿರುತ್ತದೆ. ಬಿಸಿಲೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ತಾನಾಗಿ ಇಳಿಯುವ ವೇಗ ಸುಮಾರು ಎರಡರಷ್ಟಾಗುತ್ತದೆ, ಹಾಗಾಗಿ ಮೇ ತಿಂಗಳಲ್ಲಿ ರಾಯಚೂರಿನ ಬಯಲಲ್ಲಿ ನಿಂತ ಗಾಡಿಗೂ ಮಡಿಕೇರಿಯ ನೆರಳಲ್ಲಿ ನಿಂತ ಗಾಡಿಗೂ ಒಂದೇ ಗಡುವು ಹಾಕಲಾಗದು.

ಎಲ್ಲರೂ ಬಿಡುವ ಇನ್ನೊಂದು ಜಾಗ ಬ್ಯಾಟರಿಯ ಮೇಲ್ಭಾಗ. ಆಸಿಡ್ ಹನಿ, ಧೂಳು, ತೇವ ಸೇರಿದ ಪದರದಲ್ಲೂ ಕರೆಂಟ್ ಹರಿಯುತ್ತದೆ. ಮೀಟರಿನ ಕಪ್ಪು ಮುಳ್ಳು ಮೈನಸ್ ಪೋಸ್ಟಿಗಿಟ್ಟು ಕೆಂಪನ್ನು ಪ್ಲಾಸ್ಟಿಕ್ ಮೇಲೆ ಎಳೆದಾಡಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಮುಚ್ಚಳ ಬಿಗಿ ಮಾಡಿ, ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ತೊಳೆದು ಒಣಗಿಸಿ. ಸೋಡಾ ನೀರು ಒಂದು ಹನಿಯೂ ಸೆಲ್ಲಿನ ಒಳಗೆ ಹೋಗಬಾರದು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಇದೊಂದನ್ನಾದರೂ ಮಾಡಿ.

ಕೀ ತೆಗೆದ ಮೇಲೆ ಕರೆಂಟ್ ತಿನ್ನುವುದು ಯಾವುದು?

ಕ್ಲಾಂಪ್ ಮೀಟರ್ ಇಲ್ಲದವರಿಗೆ ಖರ್ಚಿಲ್ಲದ ಪರೀಕ್ಷೆ ಇದು. ಒಂದು ರಾತ್ರಿ ಕಟ್-ಆಫ್ ಸ್ವಿಚ್ (ಬ್ಯಾಟರಿಯಿಂದ ಗಾಡಿಗೆ ಹೋಗುವ ಕರೆಂಟನ್ನು ಕಡಿಯುವ ಮುಖ್ಯ ಸ್ವಿಚ್) ಆಫ್ ಮಾಡಿ ಬಿಡಿ, ಇನ್ನೊಂದು ರಾತ್ರಿ ಆನ್ ಇಟ್ಟು ಬಿಡಿ. ಸಂಜೆ, ಬೆಳಗ್ಗೆ ಎರಡೂ ಹೊತ್ತು ಅಳೆಯಿರಿ. ಆನ್ ಇದ್ದಾಗ ಮಾತ್ರ ಇಳಿದರೆ ದೋಷ ಗಾಡಿಯ ವೈರಿಂಗಿನಲ್ಲಿದೆ. ಆಫ್ ಮಾಡಿದರೂ ಇಳಿದರೆ ಬ್ಯಾಟರಿಯಲ್ಲಿದೆ, ಇಲ್ಲವೇ ಸ್ವಿಚ್ಚನ್ನು ದಾಟಿ ನೇರ ಪೋಸ್ಟಿಗೆ ಕಟ್ಟಿದ ವೈರಿನಲ್ಲಿದೆ.

ನಿಖರವಾಗಿ ಹಿಡಿಯಬೇಕಾದರೆ ಹೀಗೆ:

1. ಕೀ ತೆಗೆಯಿರಿ, ಬಾಗಿಲು ಮುಚ್ಚಿ, ಎಲ್ಲ ಸ್ವಿಚ್ ಆಫ್. ಕಟ್-ಆಫ್ ಆನ್ ಇರಲಿ.
2. ಚಾಸಿಗೆ ಹೋಗುವ ಮೈನಸ್ ಪೋಸ್ಟ್ ಮತ್ತು ಅದರ ಕೇಬಲ್ ನಡುವೆ ಮೊದಲು ಒಂದು ದಪ್ಪ ಕ್ಲಿಪ್ ವೈರ್ ಕೊಡಿ, ಆಮೇಲೆ ಕೇಬಲ್ ಬಿಚ್ಚಿ. ಹೀಗೆ ಮಾಡಿದರೆ ಇಸಿಯುಗಳು ಮತ್ತೆ ಎಚ್ಚರಗೊಳ್ಳುವುದಿಲ್ಲ.
3. ಕ್ಲಿಪ್ ವೈರಿಗೆ ಸಮಾನಾಂತರವಾಗಿ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಜೋಡಿಸಿ. ಅರ್ಧ ಗಂಟೆ ಕಾಯಿರಿ, ನಂತರ ಕ್ಲಿಪ್ ತೆಗೆಯಿರಿ.
4. ಅಂಕಿ ಓದಿ. ಮೀಟರ್ ಇರುವಾಗ ಯಾರೂ ಕೀ ಮುಟ್ಟಬಾರದು. ಸೆಲ್ಫ್ ಎಳೆಯುವ ನೂರಾರು ಆಂಪಿಯರಿಗೆ ಮೀಟರಿನ ಫ್ಯೂಸ್, ಫ್ಯೂಸ್ ಇಲ್ಲದ ಅಗ್ಗದ್ದಾದರೆ ಮೀಟರೇ ಹೋಗುತ್ತದೆ.

ಡಿಸಿ ಕ್ಲಾಂಪ್ ಇದ್ದರೆ ಏನೂ ಬಿಚ್ಚಬೇಕಿಲ್ಲ, ಸೊನ್ನೆ ಮಾಡಿಕೊಂಡು ಕೇಬಲ್ಲಿಗೆ ಹಾಕಿದರಾಯಿತು. ಪೋಸ್ಟಿಗೆ ನೇರ ಕಟ್ಟಿದ ತೆಳು ವೈರುಗಳ ಮೇಲೂ ಹಾಕಿ, ಅವು ಮುಖ್ಯ ಕೇಬಲ್ಲಿನ ಲೆಕ್ಕಕ್ಕೆ ಬರುವುದಿಲ್ಲ.

50 ಮಿಲಿಆಂಪಿಯರಿನ ಒಳಗಿದ್ದರೆ ಚಿಂತೆಯಿಲ್ಲ. ಜಿಪಿಎಸ್, ಇಸಿಯು ಇರುವ ಗಾಡಿಯಲ್ಲಿ 100ರವರೆಗೆ ಒಪ್ಪಬಹುದು, ಆದರೆ ಅದರ ಲೆಕ್ಕ ತಿಳಿದಿರಲಿ: 100 ಮಿಲಿಆಂಪಿಯರ್ ಅಂದರೆ ದಿನಕ್ಕೆ 2.4 ಎಎಚ್, ಇಪ್ಪತ್ತು ದಿನಕ್ಕೆ 48. 130 ಎಎಚ್ ಜೋಡಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಕ್ಯಾಬಿನ್ನಿನ 10 ವಾಟ್ ಬಲ್ಬ್ ಮರೆತರೆ ದಿನಕ್ಕೆ 10 ಎಎಚ್. 5 ವಾಟಿನ ಹತ್ತು ಪಾರ್ಕಿಂಗ್ ಬಲ್ಬು ಉರಿಯುತ್ತಿದ್ದರೆ ಎರಡು ಆಂಪಿಯರ್ ದಾಟುತ್ತದೆ, ಎರಡೂವರೆ ದಿನಕ್ಕೆ ಬ್ಯಾಟರಿ ಪೂರ್ತಿ ಖಾಲಿ.

ಅಂಕಿ ಜಾಸ್ತಿ ಬಂದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವುದು ಹಳೆಯ ಪದ್ಧತಿ. ಹೊಸ ಗಾಡಿಯಲ್ಲಿ ಫ್ಯೂಸ್ ಕಿತ್ತು ಹಾಕಿದೊಡನೆ ಇಸಿಯು ಎಚ್ಚರವಾಗಿ ಅಂಕಿ ಕುಣಿಯುತ್ತದೆ. ಅದಕ್ಕೆ ಕೀಳದೆ ಅಳೆಯಿರಿ: ಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಬ್ಲೇಡ್ ಫ್ಯೂಸಿನ ಬೆನ್ನಿನ ಎರಡು ತೂತುಗಳಿಗೆ ಮುಳ್ಳು ಹಿಡಿಯಿರಿ. ಸೊನ್ನೆ ಬಂದರೆ ಆ ಲೈನಿನಲ್ಲಿ ಕರೆಂಟಿಲ್ಲ. 10 ಆಂಪಿಯರ್ ಫ್ಯೂಸಿನಲ್ಲಿ 1 ಮಿಲಿವೋಲ್ಟ್ ಅಂದರೆ ಸುಮಾರು 130 ಮಿಲಿಆಂಪಿಯರ್. 5ರ ಫ್ಯೂಸಿನಲ್ಲಿ ಅದರ ಅರ್ಧ, 20ರದ್ದರಲ್ಲಿ 300ರ ಹತ್ತಿರ.

ಸಿಕ್ಕಿಬೀಳುವುದು ಹೆಚ್ಚಾಗಿ ಕಂಪನಿಯಿಂದ ಬಂದ ವೈರಿಂಗಲ್ಲ, ಆಮೇಲೆ ಹಾಕಿಸಿದ ಸಾಮಾನು: ಆಂಪ್ಲಿಫೈಯರ್, ಬಾಡಿಯ ಅಲಂಕಾರದ ಎಲ್‌ಇಡಿ ಪಟ್ಟಿ, ಕ್ಯಾಮರಾ, ಎರಡನೇ ಜಿಪಿಎಸ್. ಬಾಗಿಲಿನ ಲೈಟ್ ಸ್ವಿಚ್ ಮತ್ತು ಅಂಟಿಕೊಂಡ ರಿಲೇಗಳನ್ನೂ ನೋಡಿ. ಗಾಡಿ ತಣ್ಣಗಿದ್ದರೂ ಮುಟ್ಟಿದಾಗ ಬೆಚ್ಚಗಿರುವ ರಿಲೇ ಕೆಲಸ ಮಾಡುತ್ತಲೇ ಇದೆ. ಫಾಸ್ಟ್ಯಾಗನ್ನು ದೂರಬೇಡಿ, ಅದಕ್ಕೆ ಬ್ಯಾಟರಿಯ ಸಂಪರ್ಕವೇ ಇಲ್ಲ.

ಎಲ್ಲ ಫ್ಯೂಸಿನಲ್ಲೂ ಸೊನ್ನೆ, ಆದರೂ ಮುಖ್ಯ ಕೇಬಲ್ಲಿನಲ್ಲಿ ಕರೆಂಟ್ ಹರಿಯುತ್ತಿದೆ ಎಂದರೆ ಆಲ್ಟರ್ನೇಟರಿನ ದಪ್ಪ ವೈರಿಗೆ ಕ್ಲಾಂಪ್ ಹಾಕಿ. ಎಂಜಿನ್ ನಿಂತಾಗ ಅಲ್ಲಿ ಹೆಚ್ಚುಕಡಿಮೆ ಏನೂ ಹರಿಯಬಾರದು. ನೂರಾರು ಮಿಲಿಆಂಪಿಯರ್ ಕಂಡರೆ ಡಯೋಡ್ ಹೋಗಿದೆ. ಹಗಲು ಚಾರ್ಜ್ ಮಾಡಿ ರಾತ್ರಿ ಅದೇ ವೈರಿನಲ್ಲಿ ಹಿಂದಕ್ಕೆ ಎಳೆಯುತ್ತಿರುತ್ತದೆ. ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನ ಸುತ್ತ ಉಪ್ಪುಮಣ್ಣು ಕಟ್ಟಿದ್ದರೆ ಕೆರೆದು ಒಣಗಿಸಿ, ಅಲ್ಲಿ ಸದಾ 24 ವೋಲ್ಟ್ ಇರುತ್ತದೆ.

ಚಾರ್ಜಿಂಗ್ ಮತ್ತು ಕೇಬಲ್

1500 ಆರ್‌ಪಿಎಮ್‌ನಲ್ಲಿ ಬ್ಯಾಟರಿ ಪೋಸ್ಟಿನ ಮೇಲೆ 27.5ರಿಂದ 28.8 ಬರಬೇಕು. ಕಡಿಮೆಯಿದ್ದರೆ ಮೊದಲು ಬೆಲ್ಟ್. ಹೆಬ್ಬೆರಳಲ್ಲಿ ಒತ್ತಿದರೆ 10–15 ಮಿ.ಮೀ. ಮಾತ್ರ ಬಗ್ಗಬೇಕು (ತಾನೇ ಬಿಗಿಯಾಗುವ ಬೆಲ್ಟಾದರೆ ಟೆನ್ಷನರ್ ನೋಡಿ). ಆಲ್ಟರ್ನೇಟರಿನ ಮೇಲೆ 28.2, ಬ್ಯಾಟರಿಯ ಮೇಲೆ 27.4 ಬಂದರೆ ಆಲ್ಟರ್ನೇಟರ್ ಚೆನ್ನಾಗಿದೆ, ನಡುವಿನ ಲಗ್ಗು ಅಥವಾ ಅರ್ಥ್ ಹಿಡಿದಿಲ್ಲ.

ನಿಂತ ವೋಲ್ಟೇಜ್ 25ರ ಮೇಲಿದ್ದೂ ಸೆಲ್ಫ್ ಏಳದಿದ್ದರೆ ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಅಳೆಯಿರಿ. ಜೋಡಿ 18–19ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಬಲವಿಲ್ಲ. 23ರಲ್ಲೇ ನಿಂತು ಸೆಲ್ಫ್ ಮಾತ್ರ ಸುಮ್ಮನಿದ್ದರೆ ಕೇಬಲ್, ಚಾಸಿಯಿಂದ ಎಂಜಿನ್‌ಗೆ ಹೋಗುವ ಅರ್ಥ್ ಪಟ್ಟಿ ಅಥವಾ ಸೊಲೆನಾಯ್ಡ್ ಕಡೆ ನೋಡಬೇಕು.

ಮತ್ತೆ ನಿಲ್ಲಿಸುವಾಗ

ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು ಎಂಬ ನಂಬಿಕೆ ಲೆಕ್ಕಕ್ಕೆ ಹೊಂದುವುದಿಲ್ಲ. 100 ಮಿಲಿಆಂಪಿಯರ್ ತಿನ್ನುವ ಗಾಡಿ ವಾರಕ್ಕೆ 17 ಎಎಚ್ ಕಳೆದುಕೊಳ್ಳುತ್ತದೆ. ಐಡ್ಲಿಂಗಿನಲ್ಲಿ ಬ್ಯಾಟರಿಗೆ 15 ಆಂಪಿಯರ್ ಹೋಯಿತೆಂದುಕೊಂಡರೂ ಹತ್ತು ನಿಮಿಷಕ್ಕೆ ಮರಳುವುದು ಎರಡೂವರೆ ಎಎಚ್. ಡೀಸೆಲ್ ಸುಡುವ ಬದಲು ಕಟ್-ಆಫ್ ಆಫ್ ಮಾಡಿ, ಅದಿಲ್ಲದಿದ್ದರೆ ಮೈನಸ್ ಬಿಚ್ಚಿಡಿ. ಒಂದು ತಿಂಗಳಿಗೊಮ್ಮೆ ಅಳೆದು, ಒಂದೊಂದು ಬ್ಯಾಟರಿ 12.4ಕ್ಕಿಂತ ಇಳಿದಿದ್ದರೆ ಚಾರ್ಜಿಗೆ ಹಾಕಿ.

ಬಿಎಸ್6 ಗಾಡಿಯಲ್ಲಿ ಎಂಜಿನ್ ಆಫ್ ಮಾಡಿದ ಕೂಡಲೇ ಕಟ್-ಆಫ್ ಎಳೆಯಬೇಡಿ. ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರವದ ಪಂಪು ಆಗ ಲೈನಿನಲ್ಲಿ ಉಳಿದ ದ್ರವವನ್ನು ಟ್ಯಾಂಕಿಗೆ ವಾಪಸ್ ಎಳೆದುಕೊಳ್ಳುತ್ತದೆ. ನಡುವೆ ನಿಂತರೆ ಅದು ಹರಳುಗಟ್ಟಿ ಡೋಸಿಂಗ್ ಇಂಜೆಕ್ಟರ್ ಕಟ್ಟುತ್ತದೆ. ಎಷ್ಟು ಕಾಯಬೇಕೆಂದು ಮ್ಯಾನುವಲ್ಲಿನಲ್ಲಿರುತ್ತದೆ, ಎರಡು ನಿಮಿಷಕ್ಕಿಂತ ಕಡಿಮೆಯಂತೂ ಬೇಡ. ಎಐಎಸ್-140 ಮಾನದಂಡದ ಜಿಪಿಎಸ್ ಇದ್ದರೆ ಸಪ್ಲೈ ಹೋದೊಡನೆ ಅದು ಒಳಗಿನ ಚಿಕ್ಕ ಬ್ಯಾಟರಿಯ ಮೇಲೆ ನಿಂತು ಅಲರ್ಟ್ ಕಳಿಸುತ್ತದೆ, ಮಾಲೀಕರಿಗೂ ಜಿಪಿಎಸ್‌ನವರಿಗೂ ಮುಂಚೆಯೇ ಹೇಳಿಡಿ.

ಕೇಬಲ್ ಕೊಟ್ಟು ಎಬ್ಬಿಸಲೇಬೇಕಾದರೆ 24 ವೋಲ್ಟಿನ ಗಾಡಿಯಿಂದಲೇ. ಪ್ಲಸ್ ಸೆಲ್ಫ್ ಕಡೆಯ ಬ್ಯಾಟರಿಗೆ, ಮೈನಸ್ ಕೊನೆಗೆ, ಬ್ಯಾಟರಿಯಿಂದ ದೂರ ಬಣ್ಣವಿಲ್ಲದ ಚಾಸಿ ಬೋಲ್ಟಿಗೆ. ಪ್ಲೇಟು ಕಾಣುವಷ್ಟು ನೀರು ಬತ್ತಿದ ಬ್ಯಾಟರಿಗೆ ಕೊಡಬೇಡಿ. ಬದಲಿಸುವುದೇ ಆದರೆ ಎರಡನ್ನೂ ಒಟ್ಟಿಗೆ ಬದಲಿಸಿ: ಒಂದೇ ಕಂಪನಿ, ಒಂದೇ ಎಎಚ್, ತಯಾರಿ ತಿಂಗಳು ಹತ್ತಿರದ್ದು. ಹಾಕಿದ ದಿನ ಎರಡರ ವೋಲ್ಟೇಜನ್ನೂ ತಾರೀಖಿನ ಜೊತೆ ಪೆಟ್ಟಿಗೆಯ ಮುಚ್ಚಳದ ಒಳಗೆ ಪೇಂಟ್ ಮಾರ್ಕರಿನಲ್ಲಿ ಬರೆದಿಡಿ.